ಅತ್ತಿಗೆಗೆಂದೇ ಒಂದು ಪಾತ್ರೆ

ಆ ಹೋಟೆಲಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಗಲ್ಲಾದಲ್ಲಿ ಕೂರುವ ಯಜಮಾನ ಅವಳ ಮೈದುನ, ಅವನು ಅತ್ತಿಗೆ ಎನ್ನುತ್ತಿದ್ದ. ಅದನ್ನು ಕೇಳಿ ಕೇಳಿ ಅಡುಗೆಯವನು, ಬಡಿಸುವವರು, ಪಾತ್ರೆ ತಿಕ್ಕುವ ಹೆಂಗಸು, ಕೊನೆಗೆ ತರಕಾರಿ ತಂದು ಹಾಕುವ ಗಾಡಿಯವನೂ ಅತ್ತಿಗೆ ಎಂದೇ ಶುರುಮಾಡಿದರು. ಗಾಡಿಯವನು ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವನು. “ನೀನು ಯಾವಾಗಯ್ಯಾ ನನ್ನ ಗಂಡನಿಗೆ ತಮ್ಮನಾಗಿ ಹುಟ್ಟಿದ್ದು?” ಎಂದು ಅವಳು ಒಂದು ದಿನ ಕೇಳಿಯೂ ನೋಡಿದಳು. ಅವನು ಹಲ್ಲು ಕಿರಿದು, ಮಾರನೆಯ ದಿನವೂ ಅತ್ತಿಗೆ ಎಂದೇ ಕೂಗಿದ. ಅಲ್ಲಿಗೆ ಅವಳು ಸುಮ್ಮನಾದಳು.

ಸುಮ್ಮನಾಗುವುದು ಅವಳ ಜಾಯಮಾನವೇ ಅಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಈರುಳ್ಳಿ ದಪ್ಪಗೆ ಹೆಚ್ಚಿದರೆ ಸಿಟ್ಟು, ಸೌಟನ್ನು ಪಾತ್ರೆಯೊಳಗೇ ಬಿಟ್ಟರೆ ಸಿಟ್ಟು, ಒಲೆಯ ಮುಂದೆ ನಿಂತು ಫೋನಿನಲ್ಲಿ ಮಾತಾಡಿದರಂತೂ ಕೇಳಲೇಬೇಡಿ. ಅಡುಗೆಯವನು ಬಾಗಿಲು ತುಂಬುವಂಥ ಆಳು. ಅವಳು ಎದುರಿಗೆ ಬಂದು ನಿಂತರೆ ಸೊಂಟದ ಟವೆಲು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಒದ್ದಾಡುತ್ತಿದ್ದ. ಬೈಯುವುದರಲ್ಲಿ ಅವಳಿಗೆ ತನ್ನವರು ಪರರು ಎಂಬ ಭೇದವಿರಲಿಲ್ಲ. ಮೈದುನನಿಗೂ ಸಮಪಾಲು ಸಿಗುತ್ತಿತ್ತು.

ಈ ದರ್ಬಾರು ಪುಕ್ಕಟೆ ಬಂದದ್ದಲ್ಲ. ಅವಳು ಮದುವೆಯಾಗಿ ಬಂದಾಗ ಹೋಟೆಲ್ ಎಂದರೆ ಒಂದು ಉದ್ದನೆಯ ಕೋಣೆ, ಗೋಡೆಗೆ ಒತ್ತಿದ ನಾಲ್ಕು ಬೆಂಚು. ಅವಳು ಬೇಯಿಸುತ್ತಿದ್ದಳು, ಗಂಡ ಬಡಿಸುತ್ತಿದ್ದ. ಹೊರಗೆ ‘ನಮ್ಮ ಕಡೆ ಊಟ’ ಎಂದು ಬೋರ್ಡು ಬರೆಸಿದ್ದರು. ಹೊಟ್ಟೆಪಾಡಿಗಾಗಿ ದಕ್ಷಿಣದ ಊರುಗಳನ್ನು ಬಿಟ್ಟು ಆ ನಗರಕ್ಕೆ ಬಂದು ಬಿದ್ದವರು ಬೋರ್ಡು ಓದಿಯೇ ಅರ್ಧ ಹಸಿವು ತೀರಿಸಿಕೊಂಡು ಒಳಗೆ ಬರುತ್ತಿದ್ದರು. ಒಂದು ದಿನ ಯಾರೋ ಒಬ್ಬ ಒಂದೇ ತುತ್ತು ತಿಂದು, ತಟ್ಟೆ ಪಕ್ಕಕ್ಕೆ ಸರಿಸಿ, ಮಾತಿಲ್ಲದೆ ದುಡ್ಡು ಕೊಟ್ಟು ಹೋದ. ಅವತ್ತು ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಆ ಮನುಷ್ಯ ಬೈದು ಹೋಗಿದ್ದರೆ ಗಂಡನಿಗೆ ಅಷ್ಟು ನೋಯುತ್ತಿರಲಿಲ್ಲವೋ ಏನೋ. ಮಾರನೆಯ ದಿನದಿಂದ ಕಟ್ಟಳೆಯಾಯಿತು: ಅವಳು ಸೌಟಿನಿಂದ ಅಂಗೈಗೆ ಎರಡು ಹನಿ ಬಿಟ್ಟುಕೊಂಡು, ನೆಕ್ಕಿ, ‘ಹೂಂ’ ಅನ್ನುವ ತನಕ ಯಾವ ಪಾತ್ರೆಯೂ ಅಡುಗೆಮನೆಯ ಹೊಸಿಲು ದಾಟಕೂಡದು. ಹೊರಗೆ ಬಸ್ಸು ತುಂಬ ಜನ ಕಾದು ನಿಂತಿರಲಿ, ಬೇಕಾದರೆ ಮಂತ್ರಿಯೇ ಬಂದು ಕೂತಿರಲಿ.

ಮುಂದೆ ಪಕ್ಕದ ಎರಡು ಮಳಿಗೆಗಳೂ ಸೇರಿ ಕೋಣೆ ಹಾಲ್ ಆಯಿತು. ಅವಳ ಮಂಡಿ ಸೋತು ಅಡುಗೆಯವನು ಬಂದ, ಖಾರ ಕುಟ್ಟಲು ಒಬ್ಬ ಹೆಂಗಸು ಬಂದಳು. ಗಂಡ ತೀರಿಕೊಂಡ. ಹೋಟೆಲ್ ಮೈದುನನ ಹೆಸರಿಗೆ ಹೋಯಿತು. ಅದಕ್ಕೆ ಅವಳು ತಕರಾರು ಮಾಡಲಿಲ್ಲ, ಯಾಕೆಂದರೆ ಹೂಂ ಅನ್ನುವ ಕೆಲಸ ಅವಳ ಹತ್ತಿರವೇ ಉಳಿಯಿತು. ಅದೊಂದಿದ್ದರೆ ಅವಳು ಹೋಟೆಲಿನ ಅತ್ತಿಗೆ. ಅದಿಲ್ಲದಿದ್ದರೆ ಮೈದುನನ ಮನೆಯ ಮಹಡಿಯ ಕೋಣೆಯಲ್ಲಿ ಹೊತ್ತು ಹೊತ್ತಿಗೆ ಉಂಡು ಮಲಗುವ ಒಂದು ಮುದಿ ಜೀವ, ಅಷ್ಟೇ. ಇದು ಯಾರೂ ಹೇಳಬೇಕಾಗಿರಲಿಲ್ಲ, ಅವಳಿಗೇ ಚೆನ್ನಾಗಿ ಗೊತ್ತಿತ್ತು.

ಕಳೆದ ಚಳಿಗಾಲದಲ್ಲಿ ಅವಳಿಗೆ ಜ್ವರ ಬಂತು. ಜ್ವರ ಬಿಟ್ಟ ದಿನ ಮೈದುನನ ಹೆಂಡತಿ, ಅಂದರೆ ಅವಳ ಓರಗಿತ್ತಿ, ಔಷಧಿ ಕುಡಿಸಿ, “ಏನಕ್ಕಾ, ಇಷ್ಟು ಕಹಿ ಕುಡಿದ್ರೂ ಮುಖ ಕಿವುಚ್ಲಿಲ್ಲ!” ಎಂದಳು. ಓರಗಿತ್ತಿ ಅತ್ತ ಹೋದ ಮೇಲೆ ಅತ್ತಿಗೆ ಎದ್ದು, ಗೋಡೆ ಹಿಡಿದುಕೊಂಡು ಮನೆಯ ಅಡುಗೆಕೋಣೆಗೆ ನಡೆದು, ಡಬ್ಬಿಯ ಮುಚ್ಚಳ ತೆಗೆದು ಉಪ್ಪು ಬಾಯಿಗೆ ಹಾಕಿಕೊಂಡಳು. ಮರಳು. ಸಕ್ಕರೆ ಹಾಕಿಕೊಂಡಳು. ಅದೂ ಮರಳೇ. ಬೆಳ್ಳುಳ್ಳಿ ಜಜ್ಜಿ ಮೂಗಿಗೆ ಹಿಡಿದಳು, ಏನೂ ಇಲ್ಲ. ಸಿಟ್ಟು ಕೂರುತ್ತಿದ್ದ ಮೂಗಿನಿಂದ ವಾಸನೆಯೆಲ್ಲ ಖಾಲಿಯಾಗಿತ್ತು, ಸಿಟ್ಟು ಮಾತ್ರ ಕೂತಲ್ಲಿಂದ ಕದಲಿರಲಿಲ್ಲ.

ಯಾರಿಗೂ ಹೇಳದೆ ಡಾಕ್ಟರ ಹತ್ತಿರ ಹೋಗಿ ಬಂದಳು. “ರುಚಿ ವಾಪಸ್ ಬಂದ್ರೂ ಬರ್ಬಹುದಮ್ಮಾ, ಬರದೇನೂ ಇರ್ಬಹುದು” ಎಂದರು ಅವರು. “ಇಷ್ಟು ಹೇಳೋಕೆ ನನ್ನ ಬಾಯಿ ಯಾಕೆ ತೆಗೆಸಿ ನೋಡಿದ್ರಿ? ಬಾಗಿಲಲ್ಲೇ ಹೇಳ್ಬಹುದಿತ್ತಲ್ಲ” ಎಂದು ಬೈದು ಎದ್ದು ಬಂದಳು.

ಆಮೇಲೆ ಸುಳ್ಳು ಶುರುವಾಯಿತು. ಬೆಳಿಗ್ಗೆ ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನೆಕ್ಕುವಳು, ಬಾಯಿಗೆ ಬಿಸಿ ಬಿಟ್ಟರೆ ಬೇರೇನೂ ತಿಳಿಯದು. ಹುಬ್ಬು ಗಂಟಿಕ್ಕಿ ಅಡುಗೆಯವನ ಮುಖವನ್ನೇ ನೋಡುವಳು. “ಏನು ಮರ್ತಿದೀಯ, ನೀನೇ ಹೇಳ್ತೀಯೋ ನಾನು ಹೇಳ್ಲೋ?” ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ಅವನು ತಾನಾಗಿಯೇ ಬಾಯಿಬಿಡುತ್ತಿದ್ದ. “ಒಂದು ಚಿಟಿಕೆ ಉಪ್ಪು ಕಡಿಮೆ ಆಯ್ತೇನೋ ಅತ್ತಿಗೆ.” “ಗೊತ್ತಿದ್ದೂ ಯಾಕೆ ನನ್ನ ಬಾಯಿಗೆ ಕೆಲಸ ಕೊಡ್ತೀಯ, ಹಾಕು!” ಅವನು ಹಾಕುವನು. ಅವಳು ಕಣ್ಣಿನಿಂದ ಬಣ್ಣ ನೋಡಿ, ಕಿವಿಯಿಂದ ಕುದಿ ಕೇಳಿ, ಹೂಂ ಎನ್ನುವಳು. ತಿಂಗಳುಗಟ್ಟಲೆ ಹೀಗೇ ನಡೆಯಿತು. ಅವಳ ನಾಲಿಗೆಯ ಹೆದರಿಕೆ ಅಡುಗೆಮನೆಯಲ್ಲಿ ಎಳ್ಳಷ್ಟೂ ಕಡಿಮೆಯಾಗಲಿಲ್ಲ.

ಆದರೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಸತ್ತ ಗಂಡನ ಕಟ್ಟಳೆಗೆ ತಾನೇ ಮೋಸ ಮಾಡುತ್ತಿದ್ದೇನೆ ಎಂಬ ಯೋಚನೆ ದಿನಾ ಚುಚ್ಚುತ್ತಿತ್ತು. ಇನ್ನೊಬ್ಬ ಗಿರಾಕಿ ತಟ್ಟೆ ಸರಿಸಿ ಎದ್ದು ಹೋದರೆ ಆ ಪಾಪ ಯಾರದು? ಹೋದರೆ ಹೋಗಲಿ ಈ ದರ್ಬಾರು, ಹೇಳಿಬಿಡೋಣ, ಬೇರೆ ಯಾರಾದರೂ ರುಚಿ ನೋಡಲಿ ಎಂದು ಕೊನೆಗೆ ಗಟ್ಟಿ ಮನಸ್ಸು ಮಾಡಿದಳು. ಹೊತ್ತು ಕೂಡಿಬಂದದ್ದೂ ಹಾಗೇ. ಹಾಲಿಗೆ ಹೊಸ ಟೇಬಲ್ಲು ಕುರ್ಚಿ ಬಂದಿದ್ದವು. ಓರಗಿತ್ತಿ ಹಟ ಹಿಡಿದಳು: “ಅಕ್ಕಾ, ಇಷ್ಟು ವರ್ಷ ಒಳಗೆ ನಿಂತು ಊರಿಗೆಲ್ಲ ಉಣ್ಸಿದ್ರಿ. ಒಂದು ದಿನಾನಾದ್ರೂ ಹೊರಗೆ ಕೂತು ಗಿರಾಕಿ ಥರ ಊಟ ಮಾಡಿದೀರಾ? ನಾಳೆ ನಾವಿಬ್ರೂ ಕೂರೋಣ, ಇವ್ರು ಬಡಿಸ್ಲಿ.” ಅತ್ತಿಗೆ ಒಪ್ಪಿಕೊಂಡಳು. “ನಿಮ್ಮಿಬ್ಬರಿಗೂ ಒಂದು ಮಾತು ಹೇಳೋದಿದೆ, ಅಲ್ಲೇ ಹೇಳ್ತೀನಿ” ಎಂದೂ ಸೇರಿಸಿದಳು.

ಮಾರನೆಯ ಮಧ್ಯಾಹ್ನ ಇಬ್ಬರೂ ಕಿಟಕಿಯ ಪಕ್ಕದ ಟೇಬಲ್ಲಿಗೆ ಕೂತರು. ಒಳಗಿನಿಂದ ನೋಡುತ್ತಿದ್ದ ಹಾಲ್ ಹೊರಗಿನಿಂದ ಬೇರೆಯೇ ಆಗಿ ಕಂಡಿತು. ಫ್ಯಾನುಗಳು ಸದ್ದಿಲ್ಲದೆ ತಿರುಗುತ್ತಿದ್ದವು. ಗೋಡೆಗೆ ಅವಳ ಗಂಡನ ದೊಡ್ಡ ಫೋಟೋ ಹಾಕಿಸಿ, ಕೆಳಗೆ ‘ಅಂದಿನ ಅದೇ ರುಚಿ’ ಎಂದು ಬರೆಸಿದ್ದರು. ಬದುಕಿದ್ದಾಗ ಆ ಮನುಷ್ಯನ ಬನಿಯನ್ನಿಗೆ ತೂತಿಲ್ಲದ ದಿನವಿರಲಿಲ್ಲ, ಫೋಟೋದಲ್ಲಿ ಕೋಟು ಹಾಕಿಸಿದ್ದರು. ಪಕ್ಕದ ಟೇಬಲ್ಲಿನಲ್ಲಿ ರಿಟೈರಾದ ಮೇಷ್ಟ್ರೊಬ್ಬರು ಉಣ್ಣುತ್ತಿದ್ದರು. ದಿನಾ ಬರುವ ಗಿರಾಕಿ. ಮೊದಲ ತುತ್ತಿಗೆ ಕಣ್ಣು ಮುಚ್ಚಿ, “ಥೇಟ್ ನಮ್ಮಮ್ಮನ ಕೈರುಚಿ” ಎನ್ನದೆ ಎರಡನೆಯ ತುತ್ತಿಗೆ ಹೋದವರಲ್ಲ. ಅವತ್ತೂ ಅಂದರು. ಇವರ ನಂಬಿಕೆಯನ್ನು ಕಾಯುವ ಯೋಗ್ಯತೆ ತನ್ನ ನಾಲಿಗೆಗಿಲ್ಲವಲ್ಲ ಎಂದುಕೊಂಡಳು ಅತ್ತಿಗೆ.

ಮೈದುನ ತಾನೇ ಟವೆಲು ಹೆಗಲಿಗೆ ಹಾಕಿಕೊಂಡು ಬಂದು ಅನ್ನ ಬಡಿಸಿದ. ಬಡಿಸುವವನು ಬಕೆಟ್ಟಿನಿಂದ ಓರಗಿತ್ತಿಯ ಬಟ್ಟಲಿಗೆ ಸಾರು ಹೊಯ್ದು, ಅತ್ತಿಗೆಯ ಕಡೆ ತಿರುಗಿದ. ಮೈದುನ ಅವನ ಕೈ ತಡೆದ. “ಅತ್ತಿಗೆಗೆ ಬಿಸಿದು ಒಳಗಿಂದ ತಗೊಂಡ್ ಬಾ.” ಅವಳ ಬಟ್ಟಲು ಒಳಗಿನಿಂದಲೇ ತುಂಬಿ ಬಂತು. ಎಂಥ ಮರ್ಯಾದೆ, ಎಂಥ ಅಕ್ಕರೆ ಎಂದು ಅವಳಿಗೂ ಅನಿಸಿತು. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. “ನೋಡಪ್ಪಾ, ನನ್ನ ನಾಲಿಗೆ…” ಎಂದು ಶುರುಮಾಡಿಯೂ ಬಿಟ್ಟಳು. ಅಷ್ಟರಲ್ಲಿ ಕಣ್ಣು ಬಟ್ಟಲುಗಳ ಮೇಲೆ ಬಿತ್ತು.

ಎರಡು ಬಟ್ಟಲು ಅಕ್ಕಪಕ್ಕ ಇದ್ದವು. ಅವಳದರಲ್ಲಿ ಕುಟ್ಟಿದ ಮೆಣಸಿನಕಾಯಿಯ ಕೆಂಪು ಸಿಪ್ಪೆಯ ಚೂರುಗಳು ತೇಲುತ್ತಿದ್ದವು, ಒಡೆದ ಜೀರಿಗೆ ಕಾಣುತ್ತಿತ್ತು. ಓರಗಿತ್ತಿಯ ಬಟ್ಟಲಿನಲ್ಲಿ ಒಂದು ಚೂರೂ ಇಲ್ಲ. ಗೋಡೆಗೆ ಬಳಿಯುವ ಬಣ್ಣದ ಹಾಗೆ ನುಣ್ಣಗಿತ್ತು. ತಳದಲ್ಲಿ ಕೆಸರಿನಂತೆ ಏನೋ ಕೂತಿತ್ತು.

ಅವಳು ಓರಗಿತ್ತಿಯ ಬಟ್ಟಲನ್ನು ಎಳೆದುಕೊಂಡು ಒಂದು ಗುಟುಕು ಕುಡಿದಳು. ಬಿಸಿನೀರು. ತನ್ನದನ್ನು ಕುಡಿದಳು. ಅದೂ ಬಿಸಿನೀರೇ. ನಾಲಿಗೆಗೆ ಎರಡೂ ಒಂದೇ ಆಗಿತ್ತು, ಆದರೆ ಕಣ್ಣಿಗೆ ಜ್ವರ ಬಂದಿರಲಿಲ್ಲವಲ್ಲ.

“ಇವೆರಡೂ ಒಂದೇ ಪಾತ್ರೆದಾ?” ಎಂದು ಕೇಳಿದಳು.

ಮೈದುನನ ಹೆಗಲಿನ ಟವೆಲು ಜಾರಿ ಕೆಳಗೆ ಬಿತ್ತು. “ಒಂದೇ ಅತ್ತಿಗೆ, ಇನ್ಯಾವುದು?” ಎಂದ. ದನಿಯೇ ಬೇರೆ ಹೇಳುತ್ತಿತ್ತು.

ಉಣ್ಣುತ್ತಿದ್ದವಳು ಎಂಜಲು ಕೈಯಲ್ಲೇ ಎದ್ದಳು. ಮಂಡಿನೋವು ಎಲ್ಲಿ ಹೋಯಿತೋ, ಸರಸರನೆ ಅಡುಗೆಮನೆಗೆ ನಡೆದಳು. ಮೈದುನ “ಅತ್ತಿಗೆ, ಅತ್ತಿಗೆ” ಎನ್ನುತ್ತಾ ಹಿಂದೆ ಓಡಿಬಂದ, ಅವನ ಹಿಂದೆ ಓರಗಿತ್ತಿ. ಅಡುಗೆಯವನು ಅವಳನ್ನು ಕಂಡದ್ದೇ ಗ್ರೈಂಡರಿನ ಮುಂದೆ ಹೋಗಿ ನಿಂತ. ಬಾಗಿಲು ತುಂಬುವ ಆಳು, ಗ್ರೈಂಡರನ್ನೂ ಮುಚ್ಚಿಕೊಂಡ. ಹಿಂದಿದ್ದದ್ದನ್ನು ಮುಚ್ಚಲು ಮಾತ್ರ ಆಗಲಿಲ್ಲ.

“ಸರ್ಕೋ.”

ಅವನು ಸರಿದ. ಗ್ರೈಂಡರಿನ ಹಿಂದೆ ಒಂದು ಚಿಕ್ಕ ಪಾತ್ರೆ, ಮೇಲೆ ತಟ್ಟೆ ಮುಚ್ಚಿತ್ತು. ತಟ್ಟೆ ತೆಗೆದಳು. ದಿನಾ ಬೆಳಿಗ್ಗೆ ಅವಳು ಹೂಂ ಅನ್ನುವ ಸಾರು. ಒಲೆಯ ಮೇಲೆ ಕುದಿಯುತ್ತಿದ್ದ ದೊಡ್ಡ ಹಂಡೆಯಲ್ಲಿ ಬೇರೆಯೇ ಸಾರು, ನುಣ್ಣನೆಯದು. ಹಂಡೆಯ ಕೆಳಗಿನ ಕಪಾಟು ಎಳೆದಳು. ಬಣ್ಣಬಣ್ಣದ ಪೊಟ್ಟಣಗಳು ಒಂದರ ಮೇಲೊಂದು ಜೋಡಿಸಿದ್ದವು. ಯಾವುದೋ ಕಾರ್ಖಾನೆಯ ಸಾರಿನ ಪುಡಿ. ಪೊಟ್ಟಣದ ಮೇಲೆ ಯಾವಳೋ ಒಬ್ಬಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನಗುತ್ತಿದ್ದಳು.

“ಎಷ್ಟು ದಿನದಿಂದ?” ಎಂದಳು ಅತ್ತಿಗೆ. ದನಿ ಏರಿರಲಿಲ್ಲ. ಅದೇ ಅಡುಗೆಯವನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

“ನಿಮಗೆ ಜ್ವರ ಬಂದಿತ್ತಲ್ಲ ಅತ್ತಿಗೆ, ಆಗಿಂದ,” ಎಂದ ಅವನು ಅಳುವವನ ಹಾಗೆ. “ನನ್ನ ತಪ್ಪಲ್ಲ. ನಿಮ್ಮ ಪಾತ್ರೆಗೆ ಒಂದು ದಿನಾನೂ ಪೊಟ್ಟಣ ಮುಟ್ಟಿಸಿಲ್ಲ. ನಾನೇ ಮೆಣಸಿನಕಾಯಿ ಹುರಿದು ಕುಟ್ತಿದ್ದೆ. ಬೆಳಿಗ್ಗೆ ಮೊದಲ ಪಾತ್ರೆ ಅಂತ ಅದನ್ನ ಮುಂದಿಡ್ತಿದ್ದೆ, ನೀವು ಹೂಂ ಅಂದು ಮನೆಗೆ ಹೋದ ಮೇಲೆ ಹಂಡೆ ಏರಿಸ್ತಿದ್ದೆ. ನೀವು ‘ಏನು ಮರ್ತಿದೀಯ’ ಅಂದಾಗ್ಲೆಲ್ಲ, ಸಿಕ್ಕಿಬಿದ್ದೆ ಅಂತ ಜೀವ ಬಾಯಿಗೆ ಬರ್ತಿತ್ತು.”

“ಕುಟ್ಟೋಳು ಊರಿಗೆ ಹೋದ್ಲು ಅಂದ್ಯಲ್ಲ?” ಎಂದು ಮೈದುನನ ಕಡೆ ತಿರುಗಿದಳು. ಅವನು ಇಲ್ಲದ ಟವೆಲಿಗಾಗಿ ಹೆಗಲು ತಡವಿಕೊಂಡ. “ಬಿಡಿಸ್ದೆ, ಅಲ್ವಾ?”

ಅವಳ ಪಿತ್ತ ನೆತ್ತಿಗೇರಿದ್ದು ಆಗ. ಎಂಜಲು ಕೈಯಲ್ಲೇ ಒಂದು ಪೊಟ್ಟಣ ಎತ್ತಿ ಅವನ ಎದೆಗೆ ಎಸೆದಳು. ಅದು ಒಡೆದು ಅವನ ಬಿಳಿ ಅಂಗಿಯ ಮೇಲೆ ಕೆಂಪಗೆ ಹರಡಿತು. “ನಿಮ್ಮಣ್ಣನ ಫೋಟೋ ಹಾಕ್ಸಿದೀಯ, ಅದಕ್ಕೆ ಕೋಟು ಬೇರೆ! ಅದರ ಕೆಳಗೆ ಕೂರ್ಸಿ ಜನಕ್ಕೆ ಇದನ್ನ ಕುಡಿಸ್ತೀಯ! ನನ್ನ ಕಣ್ಣಿಗೆ ಮಣ್ಣೆರಚೋಕೆ ಮೂಲೇಲಿ ಒಂದು ಪಾತ್ರೆ! ಮಗು ಸುಮ್ನಾಗ್ಲಿ ಅಂತ ಕೈಗೆ ಗಿಲಕಿ ಕೊಡೋ ಹಾಗೆ! ನಾಚಿಕೆ ಆಗಲ್ವೇನೋ ನಿನಗೆ?”

ಹಾಲಿನಲ್ಲಿ ತಟ್ಟೆಗಳ ಸದ್ದು ನಿಂತಿತ್ತು. ಮೈದುನ ಬಾಗಿಲು ಮುಚ್ಚಲು ಹೋದ, ಅವಳು ಬಿಡಲಿಲ್ಲ.

“ಸ್ವಲ್ಪ ಮೆಲ್ಲಗೆ ಅತ್ತಿಗೆ, ಗಿರಾಕಿಗಳಿದ್ದಾರೆ,” ಎಂದು ಅವನು ಪಿಸುಗುಟ್ಟಿದ. ಕೆಮ್ಮುತ್ತಾ ಅಂಗಿ ಒದರಿಕೊಂಡ. “ನಾನೇನು ವಿಷ ಹಾಕಿದ್ನಾ? ಹಾಲ್ ಇಷ್ಟು ದೊಡ್ಡದಾಗಿದೆ, ಇಷ್ಟು ಜನಕ್ಕೆ ಕುಟ್ಟಿಸ್ತಾ ಕೂರೋಕಾಗತ್ತಾ? ಇಷ್ಟು ತಿಂಗಳಲ್ಲಿ ಒಬ್ಬ, ಒಬ್ಬೇ ಒಬ್ಬ, ರುಚಿ ಬದಲಾಗಿದೆ ಅಂದಿಲ್ಲ. ಆ ಮೇಷ್ಟ್ರನ್ನೇ ಕೇಳಿ. ಬೆರಳು ನೆಕ್ತಾರೆ. ಯಾರಿಗೂ ಗೊತ್ತಾಗಲ್ಲ ಅತ್ತಿಗೆ. ಗೊತ್ತಾಗೋದು ನಿಮ್ಮ ನಾಲಿಗೆಗೊಂದೇ.”

ಈ ಮಾತು ಕೇಳಿ ಅವಳಿಗೆ ಮೊದಲು ನಗು ಬಂತು, ನಗುವಿನ ಬೆನ್ನಿಗೇ ಮೈಯೆಲ್ಲ ಉರಿದುಹೋಯಿತು. ಅವಳ ನಾಲಿಗೆ ಜ್ವರಕ್ಕೆ ಸತ್ತಿತು, ಸರಿ. ಈ ಹಾಲಿನಲ್ಲಿ ಕೂತವರ ನಾಲಿಗೆಗಳಿಗೆ ಏನು ರೋಗ ಬಂದಿತ್ತು? ಅಮ್ಮನ ಕೈರುಚಿಯಂತೆ! ಯಾವ ಅಮ್ಮ? ಪೊಟ್ಟಣದ ಮೇಲೆ ನಗುತ್ತಿದ್ದಾಳಲ್ಲ, ಅವಳಾ? ತಿಂಗಳುಗಟ್ಟಲೆ ತಾನೊಬ್ಬಳೇ ಮೋಸಗಾತಿ ಎಂದು ರಾತ್ರಿ ನಿದ್ದೆಗೆಟ್ಟಳು. ಅಷ್ಟೂ ದಿನ ಬಡಿಸುವವನು ಮೋಸ ಬಡಿಸಿದ, ಉಣ್ಣುವವರು ಕಣ್ಣು ಮುಚ್ಚಿ ಮೋಸ ಉಂಡರು, ಇಡೀ ಹೋಟೆಲಿನಲ್ಲಿ ಒಬ್ಬರಿಗೂ ಹೊಟ್ಟೆ ಕೆಡಲಿಲ್ಲ. ಇಷ್ಟರ ಮಧ್ಯೆ ನೆಟ್ಟಗಿದ್ದದ್ದು ಮೂಲೆಯ ಆ ಚಿಕ್ಕ ಪಾತ್ರೆಯೊಂದೇ, ಅದನ್ನೂ ಏನೂ ತಿಳಿಯದ ಒಂದು ನಾಲಿಗೆಗೆಂದು ದಿನಾ ಕುಟ್ಟಿ, ಕುದಿಸಿ, ಕಾಯ್ದಿಟ್ಟಿದ್ದರು.

“ನಿಜ ಹೇಳ್ತೀನಿ ಅತ್ತಿಗೆ,” ಎಂದ ಮೈದುನ, ಅವಳ ಮೌನವನ್ನು ತಪ್ಪು ತಿಳಿದು ಸ್ವಲ್ಪ ಧೈರ್ಯ ಬಂದವನಾಗಿ. “ನಿಮ್ಮ ನಾಲಿಗೆ ಹೆದರಿಕೆಗೆ ಅದೊಂದು ಪಾತ್ರೆ ಉಳಿದಿದೆ. ನೀವಿಲ್ದಿದ್ರೆ ಅದನ್ನೂ ಯಾವಾಗ್ಲೋ ನಿಲ್ಲಿಸ್ತಿದ್ದೆ.”

ಹೇಳಬೇಕೆಂದು ತಂದ ಮಾತು ಅವಳ ಗಂಟಲಲ್ಲೇ ಇತ್ತು. ಅದನ್ನು ಈಗ ಹೊರಗೆ ಬಿಟ್ಟರೆ ಏನಾಗುತ್ತದೆ ಎಂದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಮೈದುನ ಮೊದಲು ಬಾಯಿ ತೆರೆಯುತ್ತಾನೆ, ಆಮೇಲೆ ಅಯ್ಯೋ ಪಾಪ ಎನ್ನುತ್ತಾನೆ, ಒಳ್ಳೆಯ ಡಾಕ್ಟರ ಹತ್ತಿರ ಕರೆದುಕೊಂಡೂ ಹೋಗುತ್ತಾನೆ. ಮಾರನೆಯ ಬೆಳಿಗ್ಗೆ ಚಿಕ್ಕ ಪಾತ್ರೆ ತೊಳೆದು ಬೋರಲು ಹಾಕಿಸುತ್ತಾನೆ. ಅಲ್ಲಿಗೆ ಎಲ್ಲ ಮುಗಿಯುತ್ತದೆ. ಹಗುರಾಗುವುದು ಅವಳೊಬ್ಬಳು ಮಾತ್ರ.

ಅವಳು ಮಾತನ್ನು ನುಂಗಿಕೊಂಡಳು. ಎಂಜಲು ಕೈಯನ್ನು ನಲ್ಲಿಗೆ ಒಡ್ಡಿ ತೊಳೆದು, ಸೆರಗಿಗೆ ಒರೆಸಿಕೊಂಡಳು.

“ನಾಳೆಯಿಂದ ನಾನು ಒಳಗೆ ನಿಂತು ರುಚಿ ನೋಡಲ್ಲ,” ಎಂದಳು. ಹಾಲಿನ ಕೊನೆಯ ಟೇಬಲ್ಲಿನವರೆಗೆ ಕೇಳುವ ಹಾಗೆ ಹೇಳಿದಳು. “ಹೊರಗೆ ಕೂರ್ತೀನಿ. ಗಿರಾಕಿಗೆ ಬಡಿಸೋ ಬಕೆಟ್ಟಿಂದ್ಲೇ ನೋಡ್ತೀನಿ. ಯಾವ ಹೊತ್ತಿಗೆ ನೋಡ್ತೀನಿ, ಯಾರ ತಟ್ಟೇಲಿ ನೋಡ್ತೀನಿ, ನಿಂಗೆ ಹೇಳಲ್ಲ. ಒಂದು ಚಿಟಿಕೆ ಪೊಟ್ಟಣದ ಪುಡಿ ಬಿತ್ತೋ, ಬಕೆಟ್ಟನ್ನ ನಿನ್ನ ಗಲ್ಲಾದ ಮೇಲೇ ಸುರೀತೀನಿ. ಕುಟ್ಟೋಳನ್ನ ಇವತ್ತೇ ಕರೆಸು. ಗೊತ್ತಾಗಲ್ಲ ಅನ್ಕೊಂಡಿದ್ಯಲ್ಲ, ಈಗ ಒಂದೇ ಗುಟುಕಿಗೆ ಗೊತ್ತಾಯ್ತೋ ಇಲ್ವೋ?”

“ಆಯ್ತು ಅತ್ತಿಗೆ,” ಎಂದ ಮೈದುನ. ಅಂಗಿಯ ತುಂಬ ಪುಡಿ, ಕಣ್ಣಲ್ಲಿ ನೀರು. ಪುಡಿಯ ಘಾಟಿಗೋ ಬೇರೆ ಯಾವುದಕ್ಕೋ ಹೇಳುವುದು ಕಷ್ಟ. ಮೆಣಸಿನಕಾಯಿಯ ನಾಲ್ಕು ಸಿಪ್ಪೆ ಮೇಲೆ ಉದುರಿಸಿದರೆ ಅವಳ ಕಣ್ಣನ್ನು ಸುಲಭವಾಗಿ ಮೋಸ ಮಾಡಬಹುದಿತ್ತು. ಪಾಪ, ಅವನು ಹೆದರಿದ್ದು ನಾಲಿಗೆಗೆ. ಅಡುಗೆಯವನು ಯಾರೂ ಹೇಳದೆಯೇ ಪೊಟ್ಟಣಗಳನ್ನು ಗೋಣಿಗೆ ತುಂಬತೊಡಗಿದ.

ಅತ್ತಿಗೆ ಹೊರಗೆ ಬಂದು ತನ್ನ ತಟ್ಟೆಯ ಮುಂದೆ ಮತ್ತೆ ಕೂತಳು. ಹಾಲಿಗೆ ಹಾಲೇ ಅವಳ ಮುಖ ನೋಡುತ್ತಿತ್ತು. ಮೇಷ್ಟ್ರು ಬಟ್ಟಲನ್ನು ಬೆಳಕಿಗೆ ಹಿಡಿದು ಒಳಗೆ ಇಣುಕುತ್ತಿದ್ದರು. ಅವರ ಮೇಲೂ ಒಂದು ಮಾತು ಎಸೆಯಬೇಕೆನಿಸಿತು, ಆದರೆ ಯಾಕೋ ಬಿಟ್ಟಳು. ಅನ್ನಕ್ಕೆ ತನ್ನ ಬಟ್ಟಲಿನ ಸಾರು ಕಲೆಸಿ ತುತ್ತು ಬಾಯಿಗಿಟ್ಟಳು. ಎಲ್ಲರೂ ನೋಡುತ್ತಿದ್ದರಿಂದ ರುಚಿ ಹತ್ತಿದವಳಂತೆ ನಿಧಾನವಾಗಿ ಅಗಿದು, ತಲೆಯಾಡಿಸಿದಳು. ಇನ್ನು ಮೇಲೆ ಈ ಹಾಲಿನಲ್ಲಿ, ಇಷ್ಟು ಜನರ ಮುಂದೆ, ಬದುಕಿರುವ ತನಕ ಹೀಗೇ ತಲೆಯಾಡಿಸಬೇಕು. ಡಾಕ್ಟರ ಹತ್ತಿರ ಹೋಗಬೇಕೆಂದರೂ ಕದ್ದೇ ಹೋಗಬೇಕು. ಅದು ತಿಳಿದೇ ಎರಡನೆಯ ತುತ್ತು ಎತ್ತಿದಳು.

ಓರಗಿತ್ತಿ ಎದುರಿಗೆ ಕೂತಿದ್ದಳು. ಅವಳಿಗೆ ಅಳು ಬಂದಿತ್ತು. “ನಾನೂ ದಿನಾ ಅದನ್ನೇ ಉಂಡೆ ಅಕ್ಕಾ, ನಂಗೆ ಗೊತ್ತೇ ಆಗ್ಲಿಲ್ಲ ನೋಡಿ. ನೀವು ಒಂದೇ ಗುಟುಕಿಗೆ ಹಿಡಿದ್ರಿ. ದೇವ್ರು ಮುಂದಿನ ಜನ್ಮದಲ್ಲಾದ್ರೂ ನಿಮ್ಮಂಥ ನಾಲಿಗೆ ನಂಗೆ ಕೊಡ್ಲಿ.”

“ಬಾಯ್ಮುಚ್ಚು!” ಎಂದು ಅತ್ತಿಗೆ ಎಷ್ಟು ಜೋರಾಗಿ ಕಿರುಚಿದಳೆಂದರೆ ಬಡಿಸುವವನ ಕೈಯಿಂದ ಸೌಟು ಬಿತ್ತು. “ಇನ್ನೊಂದ್ಸಲ ಆ ಮಾತು ಆಡಿದ್ರೆ ನೋಡು!”

ಓರಗಿತ್ತಿಯ ಮುಖ ಸಣ್ಣದಾಯಿತು. ಒಳ್ಳೆಯ ಮಾತು ಆಡಿದರೂ ಕಚ್ಚಲು ಬರುತ್ತಾಳೆ, ಎಲ್ಲ ನಾಲಿಗೆಯ ಜಂಬ ಎಂದುಕೊಂಡು ತಲೆ ತಗ್ಗಿಸಿದಳು. ಅತ್ತಿಗೆ ಅದನ್ನು ನೋಡಿದಳು. ಅಂದುಕೊಳ್ಳಲಿ ಎಂದು ತುತ್ತು ನುಂಗಿದಳು.